ಇಳಿಜಾರಿಗೆ ಮುಖ ಮಾಡಿ ನಿಲ್ಲುತ್ತಿದ್ದ ಕಾರು

ನಮ್ಮ ಕಾರು ಸ್ಟಾರ್ಟ್ ಆಗದೇ ಇರೋ ಸದ್ದನ್ನು ಬಾಯಲ್ಲಿ ಮಾಡೋದು ನನಗೆ ಬಹಳ ಚೆನ್ನಾಗಿ ಬರುತ್ತೆ. ಮೊದಲು ಗಂಟಲಲ್ಲಿ ಕಫ ಸಿಕ್ಕಿಕೊಂಡವರ ಹಾಗೆ ಒಂದು ಎಳೆತ, ಆಮೇಲೆ ಉಸಿರಿಗೆ ಒದ್ದಾಡೋ ಹಾಗೆ ಒಂದಷ್ಟು ಕೊಸರಾಟ, ಕೊನೆಗೆ ನಿಟ್ಟುಸಿರು. ಫ್ಯಾಕ್ಟರಿ ಕ್ಯಾಂಟೀನಿನಲ್ಲಿ ಮಾಡಿದರೆ ಹುಡುಗರು ಮೂಗಿನಲ್ಲಿ ಟೀ ಬರೋ ಹಾಗೆ ನಗುತ್ತಾರೆ. ನಮ್ಮ ಮ್ಯಾನೇಜರು, ಬಾಗಿಲು ಎಡಕ್ಕೆ ತೆರೆಯುತ್ತೆ ಅನ್ನೋ ಮೆಟ್ರೋ ಹೆಂಗಸು, ಹುಡುಗಿಯರ ಮುಂದೆ ಇಂಗ್ಲಿಷ್ ಶುರು ಮಾಡಿ ಅರ್ಧ ದಾರಿಯಲ್ಲಿ ಕೆಟ್ಟು ನಿಲ್ಲೋ ನಾನು, ಎಲ್ಲರೂ ನನ್ನ ಬಾಯಲ್ಲೇ ಬಾಡಿಗೆಗಿದ್ದಾರೆ.

ನನಗೆ ಎಲ್ಲರಿಗಿಂತ ಚೆನ್ನಾಗಿ ಬರ್ತಿದ್ದದ್ದು ಅಪ್ಪನ ದನಿ. ಅಪ್ಪ ಪೀಣ್ಯದ ಒಂದು ಪ್ರೆಸ್ ಶಾಪಿನಲ್ಲಿ ಫೋರ್‌ಮನ್. ತಗಡು ಬಡಿಯೋ ಸದ್ದನ್ನು ಮೀರಿ ಕೂಗಿ ಕೂಗಿ, ಮನೆಯಲ್ಲಿ ಉಪ್ಪು ಕೇಳಿದರೂ ಮೂರನೇ ಮನೆಯವರು ಉಪ್ಪು ಹಿಡಿದುಕೊಂಡು ಬರಬೇಕು, ಅಂಥ ದನಿ. ಬೆಳಿಗ್ಗೆ ಕಾರಿನಲ್ಲಿ ಕೂತು, ಇಂಜಿನ್ ಬಿಸಿಯಾಗೋ ಹಳದಿ ದೀಪ ಆರೋವರೆಗೂ ಕಾದು, ಡ್ಯಾಶ್‌ಬೋರ್ಡ್ ತಟ್ಟಿ, "ಏಳವ್ವ, ಶಿಫ್ಟಿಗೆ ಟೈಮಾಯ್ತು" ಅನ್ನೋರು. ಇಂಜಿನ್ ಹತ್ತಿದ ಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಡಬ್ಬಿ ತಾರೇ." ಎರಡನೇ ಮಹಡಿಯಿಂದ ಅಮ್ಮ, "ಬಂದೇ ರೀ." ನಾನು ಇದನ್ನು ಮಾಡಿ ತೋರಿಸಿದರೆ ಮೊದಲು ನಗ್ತಿದ್ದವರು ಅಪ್ಪನೇ. ದನಿ ಒಡೆಯೋಕೆ ಶುರುವಾದಾಗ ಆ ಒಡಕನ್ನೂ ನನ್ನ ಐಟಂಗೆ ಸೇರಿಸಿಕೊಂಡೆ. ಶಾಪಿನ ಕೂಗಾಟದಿಂದ ಹೀಗಾಗಿದೆ ಅಂತ ಮನೆಯವರೆಲ್ಲ ಅಂದುಕೊಂಡಿದ್ದೆವು, ಅಪ್ಪನೂ ಸೇರಿ. ಒಳಗಿದ್ದದ್ದು ಗಡ್ಡೆ ಅಂತ ಗೊತ್ತಾಗೋ ಹೊತ್ತಿಗೆ ಧ್ವನಿಪೆಟ್ಟಿಗೆಯನ್ನೇ ತೆಗೀಬೇಕಾಯ್ತು.

ಈಗ ಅಪ್ಪ ಕತ್ತಿನಲ್ಲಿರೋ ಒಂದು ತೂತಿನಿಂದ ಉಸಿರಾಡ್ತಾರೆ. ಅದರ ಮೇಲೆ ಒಂದು ತೆಳು ಬಿಳಿ ಬಟ್ಟೆ. ಆಪರೇಷನ್ ಗಾಯ ಆರಿದ ಮೇಲೆ ದಿನಾ ಬೆಳಿಗ್ಗೆ ಆಸ್ಪತ್ರೆಗೆ ಹೋಗಿ ಕರೆಂಟು, ಅಂದರೆ ರೇಡಿಯೇಷನ್, ಕೊಡಿಸಿಕೊಳ್ಳಬೇಕು, ಮಧ್ಯೆ ತಪ್ಪಿಸಬಾರದು ಅಂತ ಡಾಕ್ಟರು ಅಮ್ಮನ ಕೈ ಹಿಡಿದು ಹೇಳಿದ್ದರು. ಮೊದಲ ದಿನ ಆಟೋದಲ್ಲಿ ಹೋದೆವು. ಅಪ್ಪ ಕೆಮ್ಮಿದಾಗ ಡ್ರೈವರು ಕನ್ನಡಿಯಲ್ಲಿ ನೋಡಿ, ಕರ್ಚೀಫನ್ನು ಮೂಗಿಗೆ ಕಟ್ಟಿಕೊಂಡ. ಬೈಯಲಿಲ್ಲ, ಏನೂ ಮಾಡಲಿಲ್ಲ, ಕಟ್ಟಿಕೊಂಡ ಅಷ್ಟೇ. ಮಾರನೇ ದಿನ ಬುಕ್ ಮಾಡಿದ ಟ್ಯಾಕ್ಸಿ ಗೇಟಿನ ಮುಂದೆ ನಿಂತಿದ್ದರೂ ಅಪ್ಪ ಮೆಟ್ಟಿಲ ಮೇಲೆ ಕೂತವರು ಏಳಲಿಲ್ಲ. ನಮ್ಮ ಕಾರಿನ ಕಡೆ ಗದ್ದ ತೋರಿಸಿದರು. ಹೋದರೆ ಅದರಲ್ಲಿ, ಇಲ್ಲದಿದ್ದರೆ ಇಲ್ಲ.

ಕಾರಿಗೆ ಅಪ್ಪನಷ್ಟೇ ಹಟ. ಹಳೇ ಡೀಸೆಲ್ಲು, ಒಂದು ಕಾಲಕ್ಕೆ ಬೆಳ್ಳಿ ಬಣ್ಣ. ಇಷ್ಟು ವರ್ಷ ಅಪ್ಪನ ಕೈಯಲ್ಲಿ ಗೊಣಗದೆ ಎದ್ದಿದ್ದು, ನಾನು ಕೂತ ವಾರವೇ ಮುಷ್ಕರ ಹೂಡಿತು. ಬ್ಯಾಟರಿ ಬದಲಾಯಿಸಿದೆ. ಇಂಜಿನ್ ಬಿಸಿ ಮಾಡೋ ಪ್ಲಗ್ಗುಗಳನ್ನು ಬಿಚ್ಚಿ ಒಂದೊಂದಾಗಿ ನೋಡಿಸಿದೆ. ಮೊಬೈಲಿನಲ್ಲಿ ವಿಡಿಯೋ ನೋಡಿ ಫಿಲ್ಟರ್ ಮೇಲಿನ ಕೈಪಂಪು ಒತ್ತಿ ಒತ್ತಿ ಹೆಬ್ಬೆರಳು ಊದಿಸಿಕೊಂಡೆ. ಪಂಪು ಗಟ್ಟಿಯಾಗೋವರೆಗೂ ಒತ್ತಿದರೆ ಕಷ್ಟಪಟ್ಟು ಹತ್ತುತ್ತಿತ್ತು, ಮಾರನೇ ಬೆಳಿಗ್ಗೆ ಮತ್ತೆ ಅದೇ ರಾಗ. ಮೆಕ್ಯಾನಿಕ್ ಹತ್ತಿರ ಬಿಟ್ಟು ಬಂದರೆ ಅಲ್ಲಿ ಒಂದೇ ಏಟಿಗೆ ಸ್ಟಾರ್ಟು. "ಗಾಡಿ ಸರಿಗೈತೆ ಗುರು, ನೀನೇ ಸರಿಗಿಲ್ಲ" ಅಂದ. ಅವನ ದನಿಯನ್ನೂ ಕಲಿತುಕೊಂಡೆ, ಬೇರೇನೂ ಪ್ರಯೋಜನ ಆಗಲಿಲ್ಲ.

ಅಮ್ಮನದು ಬೇರೆ ಲೆಕ್ಕ. "ಅವರ ದನಿ ಕೇಳ್ದೆ ಅದೂ ಮುನಿಸ್ಕೊಂಡದೆ ಕಣೋ," ಅಂದರು, ಅಕ್ಕಿ ಆರಿಸುತ್ತಾ, ತಲೆ ಎತ್ತದೆ.

ಒಂದು ಬೆಳಿಗ್ಗೆ ಕೈಪಂಪಿಗೂ ಜಗ್ಗಲಿಲ್ಲ. ಬ್ಯಾಟರಿ ಸುಸ್ತಾಗೋವರೆಗೂ ತಿರುಗಿಸಿದೆ. ಅಪ್ಪ ಪಕ್ಕದ ಸೀಟಿನಲ್ಲಿ ಆಸ್ಪತ್ರೆ ಫೈಲನ್ನು ತೊಡೆ ಮೇಲಿಟ್ಟುಕೊಂಡು ಮುಂದಿನ ಗಾಜನ್ನೇ ನೋಡ್ತಿದ್ದರು. ಟ್ಯಾಕ್ಸಿ ಕರೀಲಾ ಅಂತ ಕೇಳಿದೆ. ಬಾಗಿಲು ತೆಗೆದು ಇಳಿದು, ಕಂಬಿ ಹಿಡಿದುಕೊಂಡು ಮಹಡಿ ಹತ್ತಿದರು. ಆ ದಿನ ಕರೆಂಟು ತಪ್ಪಿತು. ಸಂಜೆಯವರೆಗೂ ಗೋಡೆ ಕಡೆ ತಿರುಗಿ ಮಲಗಿದ್ದರು. ಅಮ್ಮ ಗಂಜಿ ತಂದಿಟ್ಟು, ಆರಿಸಿ, ಮತ್ತೆ ಬಿಸಿ ಮಾಡಿ ತಂದಿಟ್ಟರು. ನಾನು ಆ ಮನೆಯಲ್ಲಿ ಯಾರ ದನಿಯಲ್ಲೂ ಮಾತಾಡದ ಮೊದಲ ದಿನ ಅದು.

ಉತ್ತರ ಸಿಕ್ಕಿದ್ದು ಒಂದು ಲಾರಿಯಿಂದ. ನಮ್ಮ ಬೀದಿ ಇಳಿಜಾರು. ಎಡಗಡೆ ಮನೆ, ಬಲಗಡೆ ತೆರೆದ ಮೋರಿ, ನಾನು ನಿಲ್ಲಿಸಿದರೆ ಕಾರಿನ ಮುಖ ಏರಿನ ಕಡೆ. ಬ್ಯಾಟರಿ ಚಾರ್ಜ್ ಮಾಡಿಸಿದ ಮೇಲೆ ಒಂದು ಸಂಜೆ ಕಾರು ತಂದಾಗ, ಮೇಲ್ಗಡೆ ಕಬ್ಬಿಣದ ಸರಳು ಇಳಿಸೋ ಲಾರಿ ದಾರಿ ಕಟ್ಟಿ ನಿಂತಿತ್ತು. ಬೆಳಿಗ್ಗೆ ಹೊರಡೋಕೆ ತೊಂದರೆ ಆಗದಿರಲಿ ಅಂತ ಹೇಗೋ ತಿರುಗಿಸಿ, ಮುಖ ಕೆಳಗೆ ಮಾಡಿ ನಿಲ್ಲಿಸಿದೆ. ಬೆಳಿಗ್ಗೆ ಕೀ ಮುಟ್ಟಿದ್ದೇ ತಡ, ಹತ್ತಿತು.

ಆಗ ನೆನಪಾಯ್ತು, ಅಪ್ಪ ಯಾವತ್ತೂ ನಿಲ್ಲಿಸ್ತಿದ್ದದ್ದು ಹೀಗೇ. ಹಳೇ ಬ್ಯಾಟರಿ ಕಾಲದಲ್ಲಿ ತಳ್ಳಿ ಸ್ಟಾರ್ಟ್ ಮಾಡೋಕೆ ಸುಲಭ ಅಂತ ಶುರು ಮಾಡಿದ್ದು, ಬ್ಯಾಟರಿ ಬದಲಾದರೂ ಅಭ್ಯಾಸ ಹೋಗಲಿಲ್ಲ. ಹಾಗೆ ನಿಲ್ಲಿಸಿದರೆ ಡ್ರೈವರ್ ಬಾಗಿಲು ಗೇಟಿಗೆ ಎದುರು, ಪಕ್ಕದ ಸೀಟಿನ ಬಾಗಿಲು ಮೋರಿ ಕಡೆ. ಅಪ್ಪ ಡ್ರೈವರ್ ಸೀಟಿನಿಂದ ಪಕ್ಕದ ಸೀಟಿಗೆ ಬಂದ ದಿನ, ಅವರು ಮೋರಿ ದಾಟೋದು ಬೇಡ ಅಂತ ನಾನೇ ಕಾರಿನ ಮುಖ ತಿರುಗಿಸಿದ್ದೆ.

ಮೆಕ್ಯಾನಿಕ್ಕಿಗೆ ಹೇಳಿದಾಗ ಅವನು ಡೀಸೆಲ್ ಪೈಪಿನ ಜಾಗದಲ್ಲಿ ಒಂದು ತುಂಡು ಪಾರದರ್ಶಕ ಪೈಪು ಹಾಕಿ ತೋರಿಸಿದ. ಒಳಗೆ ಗುಳ್ಳೆಗಳು. ಎಲ್ಲೋ ಕೂದಲೆಳೆಯಷ್ಟು ಸೀಳು. ಮುಖ ಮೇಲಿದ್ದರೆ ಅಲ್ಲಿಂದ ಗಾಳಿ ಎಳೆದು, ರಾತ್ರಿಯಿಡೀ ಡೀಸೆಲ್ಲು ಹಿಂದಿನ ಟ್ಯಾಂಕಿಗೆ ಇಳಿದುಬಿಡುತ್ತೆ. ಮುಖ ಕೆಳಗಿದ್ದರೆ, ಇಲ್ಲ ಅವನ ಶೆಡ್ಡಿನ ಹಾಗೆ ನೆಲ ಸಮ ಇದ್ದರೆ, ಇಂಜಿನ್ ಕಡೆಯೇ ನಿಲ್ಲುತ್ತೆ. ಸೀಳು ಹಳೇದು, ವರ್ಷಗಟ್ಟಲೆ ಹಳೇದು ಅಂದ. ನಮ್ಮ ಗೇಟಿನ ಮುಂದೆ ಡೀಸೆಲ್ ಕಲೆ ಇದ್ದದ್ದು ಎಲ್ಲರಿಗೂ ಗೊತ್ತಿತ್ತು. ವಯಸ್ಸಾದ ಗಾಡಿ ಬೆವರುತ್ತೆ ಅಂತ ಅಪ್ಪ ಅದರ ಮೇಲೆ ಮರಳು ಹಾಕ್ತಿದ್ದರು.

ಸಂಜೆ ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ಅವರು ಕೇಳಿಸಿಕೊಂಡರು. ಕೈ ತಾನಾಗಿ ಕತ್ತಿನ ಬಟ್ಟೆಗೆ ಹೋಯ್ತು, ಅಲ್ಲೇ ಸ್ವಲ್ಪ ಹೊತ್ತು ಇತ್ತು. ನಾನು ಹೆಬ್ಬೆರಳು ಇನ್ನೂ ನೋಯ್ತಿದೆ ಅಂತ ಏನೋ ಹೇಳಿ ಎದ್ದು ಹೋದೆ.

ಹೊಸ ಪೈಪು ಹಾಕಿಸಿದ ಮಾರನೇ ಬೆಳಿಗ್ಗೆ ಕಾರಿನ ಮುಖ ಏರಿನ ಕಡೆ. ಅಪ್ಪ ಗೇಟಿನಿಂದ ಎರಡು ಹೆಜ್ಜೆ ಇಟ್ಟು ಒಳಗೆ ಕೂತರು. ಹಳದಿ ದೀಪ ಹತ್ತಿ ಆರಿತು. ಕೀ ತಿರುಗಿಸೋಕೆ ಹೋದಾಗ ನನ್ನ ಮಣಿಕಟ್ಟು ಹಿಡಿದರು. ಡ್ಯಾಶ್‌ಬೋರ್ಡ್ ತಟ್ಟಿ, ನನ್ನ ಬಾಯಿ ನೋಡಿದರು. ಅರ್ಥವಾಗದವನ ಹಾಗೆ ಕೂತೆ. ಮತ್ತೆ ತಟ್ಟಿದರು.

ಆಪರೇಷನ್ ಆದಾಗಿಂದ ಆ ದನಿ ತೆಗೆದಿರಲಿಲ್ಲ. ಪ್ರಾಕ್ಟೀಸ್ ಇಲ್ಲದಿದ್ದರೂ ಬಂತು, ಒಡಕಿನ ಸಮೇತ.

"ಏಳವ್ವ, ಶಿಫ್ಟಿಗೆ ಟೈಮಾಯ್ತು."

ಕೀ ತಿರುಗಿಸಿದೆ. ಹತ್ತಿತು. ಅಪ್ಪನ ಭುಜ ಕುಲುಕುತ್ತಿತ್ತು. ಅವರು ನಕ್ಕರೆ ಈಗ ಬಟ್ಟೆ ಮಾತ್ರ ಅಲ್ಲಾಡುತ್ತೆ. ಅಲ್ಲಿಗೆ ನಿಲ್ಲಿಸಬಹುದಿತ್ತು, ಆದರೆ ನನ್ನಂಥವನು ಒಬ್ಬ ನಕ್ಕರೂ ಸಾಕು, ನಿಲ್ಲಿಸಲ್ಲ. ತಲೆ ಹೊರಗೆ ಹಾಕಿದೆ.

"ಡಬ್ಬಿ ತಾರೇ."

"ಬಂದೇ ರೀ."

ಎರಡನೇ ಮಹಡಿಯಿಂದ ಅಮ್ಮ, ತಕ್ಷಣ. ಹಿಂದೆಯೇ ಮೆಟ್ಟಿಲ ಮೇಲೆ ಚಪ್ಪಲಿ ಸದ್ದು, ಬೇಗ ಬೇಗ. ಮೊದಲ ಮಹಡಿಯ ತಿರುವಿನವರೆಗೂ ಬಂದು ನಿಂತಿತು.

ಅದು ಅಲ್ಲೇ ನಿಂತದ್ದು ನನಗೂ ಅಪ್ಪನಿಗೂ ಕೇಳಿಸಿತು. ಇಂಜಿನ್ ನಡೀತಾನೇ ಇತ್ತು. ಯಾರೂ ಕೆಳಗೆ ಬರಲಿಲ್ಲ, ಯಾರೂ ಮೇಲಕ್ಕೂ ಹೋಗಲಿಲ್ಲ. ಕೊನೆಗೆ ಅಪ್ಪ ಬಟ್ಟೆ ಸರಿ ಮಾಡಿಕೊಂಡು, ಮುಂದಕ್ಕೆ ಗದ್ದ ತೋರಿಸಿದರು. ಕರೆಂಟಿಗೆ ಹೊತ್ತಾಗಿತ್ತು. ಗೇರು ಹಾಕಿದೆ. ಕಾರು ಒಂದೇ ಉಸಿರಿಗೆ ಏರು ಹತ್ತಿತು.