ಮೊದಲು ಕೈ, ಆಮೇಲೆ ಬಾಯಿ

ನನ್ನ ಗಂಡ ಭಾರೀ ಆಟಗಾರ ಎಂದು ಖಾನಾಪುರದ ಅರ್ಧ ಊರು ನಂಬಿತ್ತು. ಅವರು ಆ ಆಟವನ್ನು ಒಂದು ದಿನವೂ ಆಡಿದವರಲ್ಲ. ಆಡುತ್ತಿದ್ದವಳು ನಾನು. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇಷ್ಟು ಸಣ್ಣ ಮಾತನ್ನು ಒಪ್ಪಿಸಲು ಪಟ್ಟ ಪಾಡು ನನಗೆ ಸಾಕಾಗಿದೆ.

ಅದು ಫೋನಿನಲ್ಲಿ ಆಡುವ ಆಟ. ವಿಮಾನದಿಂದ ಒಂದು ದ್ವೀಪಕ್ಕೆ ಜಿಗಿಯಬೇಕು, ಬಂದೂಕು ಹುಡುಕಿಕೊಳ್ಳಬೇಕು, ಎದುರಾದವರನ್ನು ಹೊಡೆಯಬೇಕು, ಕೊನೆಗೆ ಉಳಿದವರು ಗೆದ್ದಂತೆ. ನಾನು ಆಡುತ್ತ, ನಮ್ಮ ಕಡೆಯ ಮಾತಿನಲ್ಲಿ ಹರಟುತ್ತ, ಅದನ್ನು ಲೈವ್ ಬಿಡುತ್ತಿದ್ದೆ. ನೋಡುವವರಿಗೆ ನನ್ನ ಫೋನಿನ ಪರದೆ ಕಾಣುತ್ತಿತ್ತು, ನನ್ನ ದನಿ ಕೇಳುತ್ತಿತ್ತು; ಊರಿನವರು ದನಿಯಿಂದಲೇ ನನ್ನನ್ನು ಗುರುತಿಸುತ್ತಿದ್ದರು. ಮುಖ ತೋರಿಸುತ್ತಿರಲಿಲ್ಲ. ತೋರಿಸಿದ್ದರೆ ಆಟ ನೋಡುವುದನ್ನು ಬಿಟ್ಟು ನನ್ನ ಕುಂಕುಮ, ಕೂದಲು, ಗೋಡೆಯ ಬಣ್ಣದ ಬಗ್ಗೆ ಮಾತಾಡುವವರೇ ಹೆಚ್ಚಾಗುತ್ತಿದ್ದರು.

ಯಾರೋ ಆಡುವುದನ್ನು ಇನ್ಯಾರೋ ಕೂತು ನೋಡುವುದರಲ್ಲಿ ಏನು ಸುಖ ಎಂದು ಕೇಳುವವರು ಬಹಳ. ನನ್ನ ಸುಖ ಹೇಳುತ್ತೇನೆ. ನಾನು ಬೆಳಗಾವಿಯ ಶಹಾಪುರದವಳು. ನಮ್ಮ ಮನೆಯಲ್ಲಿ ಅಡುಗೆಮನೆಗೂ ಮಗ್ಗಗಳಿಗೂ ನಡುವೆ ಒಂದೇ ಗೋಡೆ. ಮಗ್ಗದ ಸದ್ದಿನಲ್ಲಿ ಹುಟ್ಟಿ, ಅದೇ ಸದ್ದಿನಲ್ಲಿ ಪಾಠ ಓದಿ, ಅದೇ ಸದ್ದಿನಲ್ಲಿ ನಿದ್ದೆ ಮಾಡಿದವಳು. ಮದುವೆಯಾಗಿ ಖಾನಾಪುರಕ್ಕೆ ಬಂದಾಗ ಮನೆ ಎಷ್ಟು ಸ್ತಬ್ಧವಾಗಿತ್ತೆಂದರೆ ನನಗೆ ಹೆದರಿಕೆಯಾಗುತ್ತಿತ್ತು. ಗಂಡ ಬಸ್ ಸ್ಟ್ಯಾಂಡ್ ಹತ್ತಿರದ ತಮ್ಮ ಮೊಬೈಲ್ ರಿಪೇರಿ ಅಂಗಡಿಗೆ ಹೋಗುವರು, ಅತ್ತೆ ಹೊಲದ ಕಡೆ ಹೋಗುವರು, ಹೊರಗೆ ಮಳೆ ಒಂದೇ ಸಮನೆ ಸುರಿಯುವುದು. ಆಗ ಒಬ್ಬ ದೊಡ್ಡ ಆಟಗಾರನ ಲೈವ್ ಹಚ್ಚಿಟ್ಟು ಚಪಾತಿ ಲಟ್ಟಿಸಲು ಶುರು ಮಾಡಿದೆ. ಅವನು ಚೀರುವನು, ನಗುವನು, ಸೋತರೆ ಕುರ್ಚಿಗೆ ಬೈಯುವನು. ಮನೆಯಲ್ಲಿ ಮತ್ತೆ ಸದ್ದು ತುಂಬಿತು. ನಾನು ಆ ಆಟ ಕಲಿತದ್ದು ಅವನಿಂದಲೇ, ಅವನ ಮೇಲೆ ನನಗೆ ಪ್ರೀತಿಯೇ ಇತ್ತು. ಕಂಡವರೆದುರು ಅವನನ್ನು ಹೊಗಳಿದ್ದೇನೆ.

ಅವನೇ ನನ್ನ ಮೇಲೆ ವಿಡಿಯೋ ಮಾಡಿದ.

ನನ್ನ ಆಟವನ್ನು ನಿಧಾನಗೊಳಿಸಿ ಜನರಿಗೆ ತೋರಿಸಿದ. 'ನೋಡಿ, ಗುಂಡು ಹೋದ ಮೇಲೆ ಈಕೆ ಹೊಡೆದೆ ಅನ್ನುತ್ತಾಳೆ. ಬಾಗಿಲು ದಾಟಿದ ಮೇಲೆ ಒಳಗೆ ಹೋಗುತ್ತೇನೆ ಅನ್ನುತ್ತಾಳೆ. ಆಡುವವರು ಯಾರಾದರೂ ಹೀಗೆ ಮಾತಾಡುತ್ತಾರಾ? ಪಕ್ಕದಲ್ಲಿ ಗಂಡಸು ಯಾರೋ ಆಡುತ್ತಿದ್ದಾನೆ, ಈಕೆ ನೋಡಿ ಹೇಳುತ್ತಿದ್ದಾಳೆ. ಸುಳ್ಳಾದರೆ ಕ್ಯಾಮೆರಾ ಇಟ್ಟು ಕೈ ತೋರಿಸಲಿ' ಎಂದ. ಅವತ್ತಿನಿಂದ ನಾನು ಲೈವ್ ಬಂದರೆ ಸಾಕು, ಕೆಳಗೆ ಒಂದೇ ಮಾತು: ಕೈ ತೋರಿಸು, ಕೈ ತೋರಿಸು.

ಅವನು ಕಂಡದ್ದು ಸುಳ್ಳಲ್ಲ. ನನ್ನ ಮಾತು ತಡವಾಗಿಯೇ ಬರುತ್ತದೆ. ಮಗ್ಗದ ಮನೆಯಲ್ಲಿ ಬೆಳೆದ ಯಾರನ್ನಾದರೂ ಕೇಳಿ. ಎಳೆ ಹರಿದಾಗ 'ಹರೀತು' ಎಂದು ಕೂಗಿದರೆ ಆ ಗದ್ದಲದಲ್ಲಿ ಯಾರಿಗೂ ಕೇಳಿಸುವುದಿಲ್ಲ, ಅಷ್ಟರಲ್ಲಿ ಬಟ್ಟೆ ಕೆಟ್ಟಿರುತ್ತದೆ. ಮಗ್ಗ ನಿಲ್ಲಿಸಬೇಕು, ಗಂಟು ಹಾಕಬೇಕು, ಮತ್ತೆ ಚಾಲೂ ಮಾಡಬೇಕು, ಆಮೇಲೆ ಹತ್ತಿರ ಹೋಗಿ ಹೇಳಬೇಕು. ನಾವು ಮಕ್ಕಳು ಬಾಯಿ ಮಾಡಿದಾಗಲೆಲ್ಲ ಅವ್ವ ಹೇಳುತ್ತಿದ್ದದ್ದು ಇಷ್ಟೇ: "ಮದ್ಲ ಕೈ, ಆಮ್ಯಾಲ ಬಾಯಿ." ನನ್ನ ನಾಲಿಗೆ ಹಾಗೆ ಪಳಗಿದೆ. ಇದನ್ನು ಲೈವ್‌ನಲ್ಲಿ ವಿವರಿಸಿ ಹೇಳಿದೆ. ಕಥೆ ಚೆನ್ನಾಗಿದೆ, ಈಗ ಕೈ ತೋರಿಸು ಎಂದರು.

ನಾನು ತೋರಿಸಲಿಲ್ಲ. ಗಂಡು ಹುಡುಗರು ನನಗಿಂತ ಚೆನ್ನಾಗಿ ಆಡುತ್ತಾರೆ, ಅವರ ಕೈಯನ್ನು ಯಾರೂ ಕೇಳುವುದಿಲ್ಲ. ಆಟ ನನ್ನದು ಎನ್ನುವುದಕ್ಕೆ ನಾನು ಮಾತ್ರ ಯಾಕೆ ಸಾಕ್ಷಿ ಒದಗಿಸಬೇಕು?

ಇಷ್ಟೇ ಆಗಿದ್ದರೆ ಬೈದುಕೊಂಡು ಸುಮ್ಮನಾಗುತ್ತಿದ್ದೆ. ಆದರೆ ಒಂದು ಮಧ್ಯಾಹ್ನ ಊಟದ ಡಬ್ಬಿ ಹಿಡಿದು ಅಂಗಡಿಗೆ ಹೋದೆ. ಫೋನ್ ರಿಪೇರಿಗೆ ಕೊಟ್ಟು ನಿಂತಿದ್ದ ಗಿರಾಕಿಯೊಬ್ಬ ನನ್ನ ಗಂಡನ ಬೆನ್ನು ತಟ್ಟುತ್ತಿದ್ದ. ನಾನು ಅವನ ಹಿಂದೆ, ಮೆಟ್ಟಿಲ ಮೇಲೆ.

"ಖರೇ ಹೇಳ್ರಿ ಅಣ್ಣಾ, ಆಡಾವ್ರು ನೀವಽ ಅಲ್ಲ? ವೈನಿ ಬರೇ ಮಾತಾಡತಾರ. ಏನ ಗುರಿ ಐತ್ರಿ ನಿಮ್ದು!"

ನನ್ನ ಗಂಡ ಸ್ಕ್ರೂಡ್ರೈವರ್ ಕೆಳಗಿಡಲಿಲ್ಲ, ತಲೆ ಎತ್ತಲಿಲ್ಲ. ನಕ್ಕರು. "ಬಿಡ್ರಿ ಮಾರಾಯ್ರ, ಮನಿ ಮಾತು ಬಜಾರದಾಗ ಯಾಕ?" ಎಂದರು.

ಆ ನಗು ನನಗೆ ಹೊಸದಾಗಿರಲಿಲ್ಲ. ಸಣ್ಣವಳಿದ್ದಾಗ ಒಮ್ಮೆ ಅಪ್ಪನ ಜೊತೆ ರವಿವಾರ ಪೇಟೆಗೆ ಕಿರಾಣಿ ತರಲು ಹೋಗಿದ್ದೆ. ನಮ್ಮಿಂದ ಸೀರೆ ಕೊಳ್ಳುವ ವ್ಯಾಪಾರಿ ಅಲ್ಲಿ ಸಿಕ್ಕು, ಆ ಹಸಿರು ಸೀರೆಯ ಅಂಚು ಏನು ನೇಯ್ದಿದ್ದೀರಿ, ನಿಮ್ಮ ಕೈಯೇ ಕೈ ಎಂದು ಹೊಗಳಿದ. ಹಸಿರು ಸೀರೆ ನೇಯ್ದವಳು ಅವ್ವ. ಅಪ್ಪ ನಕ್ಕು, ಎಲೆಯಡಿಕೆ ಬಾಯಿಗೆ ಹಾಕಿಕೊಂಡರು. ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವ್ವ ಕೇಳಿಸಿಕೊಂಡು ಮತ್ತೆ ಮಗ್ಗಕ್ಕೆ ಹೋದಳು.

ಡಬ್ಬಿಯನ್ನು ಗಾಜಿನ ಪೆಟ್ಟಿಗೆಯ ಮೇಲಿಟ್ಟು ಮನೆಗೆ ಬಂದೆ. ಸಂಜೆ ಅವರು ಚಪ್ಪಲಿ ಬಿಡುವ ಮೊದಲೇ ಕೇಳಿದೆ.

"ಇಲ್ಲ, ನಾ ಆಡಂಗಿಲ್ಲ ಅನ್ನಾಕ ನಿಮಗ ಬಾಯಿ ಇದ್ದಿಲ್ಲೇನ್ರಿ?"

"ಏನ ಆತೀಗ? ನಿಂದ ಬ್ಯಾರೆ ನಂದ ಬ್ಯಾರೆ ಏನ? ಮನಿಗಿ ಹೆಸರ ಬಂತಲ್ಲ."

"ಮನಿಗಿ ಬಂದಿಲ್ಲ. ನಿಮಗ ಬಂದೈತಿ. ಆಟ ನಂದು."

ಅವರು ಕೈಕಾಲು ತೊಳೆಯಲು ಹಿತ್ತಲಿಗೆ ಹೋದರು. ನನ್ನ ಗಂಡ ಕೆಟ್ಟವರಲ್ಲ. ಆಡಲು ಹೊಸ ಫೋನ್ ತಂದುಕೊಟ್ಟವರೇ ಅವರು. ಪುಕ್ಕಟೆ ಬಂದ ಹೊಗಳಿಕೆಯನ್ನು ವಾಪಸ್ ಕೊಡಲು ಅವರಿಗೆ ಮನಸ್ಸಾಗಲಿಲ್ಲ, ಅಷ್ಟೇ. ಆ 'ಅಷ್ಟೇ' ನನ್ನನ್ನು ಸುಡುತ್ತಿತ್ತು. ಊರಾಚೆಯ ಒಬ್ಬ ನನ್ನನ್ನು ಸುಳ್ಳುಗಾತಿ ಎಂದರೆ ತಡೆದುಕೊಳ್ಳಬಹುದು. ಒಂದೇ ಮನೆಯಲ್ಲಿದ್ದು, ದಿನವೂ ನನ್ನ ಆಟ ಕಣ್ಣಾರೆ ಕಂಡವರು ಸುಮ್ಮನಿದ್ದರೆ ಏನು ಮಾಡುವುದು?

ಶಹಾಪುರಕ್ಕೆ ಹೋದಾಗ ಅವ್ವನೆದುರು ಎಲ್ಲ ಕಕ್ಕಿದೆ. ಅವ್ವ ಸಮಾಧಾನ ಹೇಳಿದಳು. "ಗಂಡಸರು ಹಂಗಽ ಇರ್ತಾರವಾ. ಕೈ ತೋರ್ಸಿ ಬಿಡು, ಬಾಯಿ ಮುಚ್ಕೋತಾರ."

"ಹಸಿರು ಸೀರಿ ಹೊತ್ತಿನ್ಯಾಗ ನೀ ಸುಮ್ಮನಿದ್ದಿ. ನಾ ಇರಂಗಿಲ್ಲ," ಎಂದೆ.

ಅವ್ವ ನನ್ನ ಮುಖ ನೋಡಿದಳು, ಯಾವ ಸೀರೆ ಎಂದು ಕೇಳಲಿಲ್ಲ. ಇಷ್ಟು ವರ್ಷದ ಮೇಲೂ ಅವಳಿಗೆ ಆ ಸೀರೆ ನೆನಪಿತ್ತು ಎಂದು ನನಗೆ ಗೊತ್ತಾಯಿತು.

ಬಸ್ಸಿನಲ್ಲಿ ಖಾನಾಪುರಕ್ಕೆ ವಾಪಸ್ ಬರುವಾಗ ಮನಸ್ಸು ಗಟ್ಟಿ ಮಾಡಿದೆ. ರಾತ್ರಿ ಅವರ ತಾಟಿಗೆ ರೊಟ್ಟಿ ಹಾಕುತ್ತ ಹೇಳಿದೆ.

"ಬರೂ ರವಿವಾರ ಮಧ್ಯಾಹ್ನ ಲೈವ್ ಐತ್ರಿ. ನೀವಽ ಆಡ್ರಿ. ನಾ ಬಾಜೂಕ ಕುಂತು ಮಾತಾಡತೇನಿ. ಜನಾ ಹಂಗಽ ಅಂತಾರಲ್ಲ, ಹಂಗಽ ಮಾಡೂಣು."

ಅವರು ನಕ್ಕರು. ನಾನು ನಗದಿದ್ದಾಗ ಅಂಗಡಿಯ ನೆವ ಹೇಳಿದರು. ಬಾಗಿಲ ಬಳಿ ಕೂತು ಅವರೆಕಾಯಿ ಸುಲಿಯುತ್ತಿದ್ದ ಅತ್ತೆ, ನನ್ನ ಆಟವನ್ನು 'ಆ ಬಡದಾಟ' ಎಂದೇ ಕರೆಯುವವರು, ಮಗನ ಕಡೆ ತಿರುಗಿದರು.

"ಹೊಗಳಿಸ್ಕೊಳ್ಳಾಕ ಅಂಗಡ್ಯಾಗ ಪುರಸೊತ್ತ ಇತ್ತು. ಆಡಾಕ ಇಲ್ಲೇನ? ಸುಮ್ಮನ ಕುಂತ ಆಡು."

ರವಿವಾರ ಲೈವ್ ಶುರುವಾಗುತ್ತಲೇ ನೋಡುವವರಿಗೆ ಹೇಳಿದೆ: "ನನ್ನ ಆಟ ಯಾರೋ ಗಂಡಸು ಆಡತಾನ ಅಂತಿದ್ರಿ. ಇವತ್ತ ಖರೇನ ಗಂಡಸು ಆಡತಾನ. ಇವ್ರು ನಮ್ಮ ಮನಿಯವ್ರು." ನನ್ನ ಗಂಡ ಗಂಟಲು ಸರಿಮಾಡಿಕೊಂಡು ನಮಸ್ಕಾರ್ರಿ ಎಂದರು.

ವಿಮಾನದಿಂದ ಜಿಗಿಯಿರಿ ಎಂದೆ. ಜಿಗಿಯುವಷ್ಟರಲ್ಲಿ ದ್ವೀಪ ದಾಟಿ ಸಮುದ್ರ ಬಂದಿತ್ತು. ಈಜಿ ಬರ್ರಿ ಎಂದೆ, ಅವರು ನಿಂತಲ್ಲೇ ಸುತ್ತಿದರು. ಹೇಗೋ ಒಂದು ಮನೆ ಮುಟ್ಟಿಸಿದೆ. ನನಗೆ ಹೆಜ್ಜೆ ಸಪ್ಪಳ ಕೇಳಿಸಿತು. "ಎಡಕ್ಕ ಹೊಳ್ರಿ, ಗ್ವಾಡಿ ಹಿಂದ ಒಬ್ಬ ಅದಾನ," ಎಂದೆ. ಅವರು ಬಲಕ್ಕೆ ತಿರುಗಿದರು. "ಒಳಗ ಹೋಗ್ರಿ," ಎಂದೆ.

"ಇದಕ್ಕ ಬಾಗಲಾ ಎಲ್ಲೈತಿ?" ಎಂದು ಕೇಳುತ್ತಿರುವಾಗಲೇ ಗುಂಡು ಬಿತ್ತು.

ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಇನ್ನೊಂದು ಸಲ ಆಡಿಸಿದೆ, ಅದೇ ಗತಿ. ಆಗ ನೋಡುತ್ತಿದ್ದವರಲ್ಲಿ ಯಾರೋ ಕೆಳಗೆ ಬರೆದರು: ಇವತ್ತು ಅಕ್ಕನ ಮಾತು ಮೊದಲು ಬರ್ತಿದೆ, ಕೈ ಆಮೇಲೆ. ನಾನೂ ಅದನ್ನು ಗಮನಿಸಿರಲಿಲ್ಲ. ಆಡುವವರು ಬೇರೆಯಾದ ಕೂಡಲೇ ನನ್ನ ನಾಲಿಗೆ ಮುಂದೆ ಓಡಿತ್ತು. ಆ ದೊಡ್ಡ ಆಟಗಾರ ಯಾವುದನ್ನು ಹಿಡಿದು ನನ್ನನ್ನು ಕಳ್ಳಿ ಮಾಡಿದ್ದನೋ ಅದೇ ಈಗ ಎಲ್ಲರೆದುರು ಉಲ್ಟಾ ಆಗಿತ್ತು.

ನನ್ನ ಗಂಡ ಫೋನನ್ನು ನನ್ನ ಕೈಗೆ ಕೊಟ್ಟು, ಮೈಕಿನ ಹತ್ತಿರ ಬಾಗಿ, "ಆಡಾಕಿ ಇಕೀನ್ರಿ. ನಾ ಒಂದಿನಾನೂ ಆಡಿಲ್ಲ. ಅಂಗಡಿಗಿ ಬಂದು ನನ್ನ ಕೇಳಬ್ಯಾಡ್ರಿ ಇನ್ನ," ಎಂದು ಎದ್ದು ಹೋದರು. ಆ ದನಿಯಲ್ಲಿ ಸಿಟ್ಟಿತ್ತು. ಇರಲಿ, ಮಾತು ಮಾತ್ರ ಖರೆ ಇತ್ತು. ಆಮೇಲೆ ನಾನು ಆಡಿದೆ. ಗೆದ್ದೆ. ಗೆದ್ದಾದ ಮೇಲೆ "ಗೆದ್ದೆ" ಎಂದೆ.

ದೊಡ್ಡ ಆಟಗಾರ ತಪ್ಪಾಯಿತು ಎನ್ನಲಿಲ್ಲ. ಇದೂ ನಾಟಕ, ಗಂಡ ಬೇಕೆಂದೇ ಸೋತ ಎಂದು ಇನ್ನೊಂದು ವಿಡಿಯೋ ಮಾಡಿದ. ಕೆಲವರು ಅವನ ಹಿಂದೆ ಹೋದರು, ಹೋಗಲಿ. ಕೈ ತೋರಿಸು ಎಂದು ಇವತ್ತಿಗೂ ಬರೆಯುತ್ತಾರೆ. ಆಡುವಾಗ ನನ್ನ ಎರಡೂ ಕೈಗೆ ಕೆಲಸವಿರುತ್ತದೆ, ಅವರಿಗೆ ತೋರಿಸಲು ಮೂರನೆಯದಿಲ್ಲ.

ಆ ರವಿವಾರ ಸಂಜೆ ಅವ್ವನ ಫೋನ್ ಬಂತು. ಹಿಂದೆ ಮಗ್ಗದ ಸದ್ದಿರಲಿಲ್ಲ, ಎಲ್ಲ ನಿಲ್ಲಿಸಿದ್ದಳು.

"ನೋಡಿದ್ನೆವಾ," ಎಂದಳು. "ಇಷ್ಟೊತ್ತನಾ ನಿಮ್ಮಪ್ಪಗ ಕೇಳಾಕತ್ತಿದ್ದೆ. ಅವತ್ತ ಪೇಟ್ಯಾಗ, ಆ ಹಸಿರು ಸೀರಿ ನನ್ನ ಹೇಂತಿ ನೇದದ್ದು ಅಂತ ಯಾಕ ಹೇಳಲಿಲ್ಲ ಅಂತ."

"ಏನಂದ್ರು ಅಪ್ಪ?"

"ಏನೂ ಅಂದಿಲ್ಲ. ತಲಿ ಕೆಳಗ ಹಾಕ್ಕೊಂಡು ಕುಂತಾರ. ಕುಂದರ್ಲಿ."