ಖಾಡಿ ದಾಟುವಾಗ ಇಳಿಸಿದ ಚೀಲ

ಮೂಗಿನ ತುದಿಗೆ ಜಾರಿದ ಕನ್ನಡಕದ ಮೇಲಿನಿಂದ ನೋಡುತ್ತ, ಎಡಗೈಯಿಂದ ಬಲ ಭುಜವನ್ನು ನೀವಿಕೊಳ್ಳುತ್ತಿದ್ದರು ಮಾಮ. ಬಲವೇ? ಎಡವೂ ಇರಬಹುದು. ನನ್ನ ನೆನಪನ್ನು ನಾನು ಪೂರ್ತಿ ನಂಬುವವನಲ್ಲ. ತನಗೆ ಬೇಕಾದದ್ದನ್ನು ಅದು ಆಮೇಲೆ ಸೇರಿಸಿಕೊಳ್ಳುತ್ತದೆ.

ಅವರು ನನಗೆ ಸಂಬಂಧಿಕರಲ್ಲ. ಉಡುಪಿ ಕಡೆಯವರು, ಮುಂಬೈ ಪಕ್ಕದ ಠಾಣೆ ಊರಿನ ಹೋಟೆಲೊಂದರ ಗಲ್ಲಾದಲ್ಲಿ ಕೂರುತ್ತಿದ್ದರು. ಡೊಂಬಿವಲಿಯಿಂದ ಹೊರಡುವ ಬೆಳಗಿನ ಲೋಕಲ್‌ನಲ್ಲಿ ಇಡೀ ಬೋಗಿಗೆ ಅವರು ಮಾಮ. ನಾನು ಧಾರವಾಡದವನು, ಅದೇ ಗಾಡಿಯವನು. ನನ್ನ ಹೆಂಡತಿ ತೀರಿಕೊಂಡ ವರ್ಷ ಅದು.

"ಎಂತ, ಮನೆಯಲ್ಲಿ ಅಡಿಗೆ ಯಾರು ಮಾಡುದು?" ಎಂದು ಒಮ್ಮೆ ಕೇಳಿದ್ದರು.

"ಈಗ ಯಾರೂ ಇಲ್ರಿ."

ಮತ್ತೆ ಕೇಳಲಿಲ್ಲ.

ಒಳಗೆ ಜಾಗವಿದ್ದರೂ ನಾನು ಬಾಗಿಲಲ್ಲೇ ನಿಲ್ಲುತ್ತಿದ್ದೆ. ಹಾರಬೇಕೆಂದು ನಿರ್ಧರಿಸಿದ್ದೆನೆಂದರೆ ಸುಳ್ಳಾಗುತ್ತದೆ. ಕಳವಾ ಸ್ಟೇಷನ್ ದಾಟಿ ಗಾಡಿ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಸೇತುವೆ ಏರಿದಾಗ, ಕಂಬಿ ಹಿಡಿದ ಕೈ ಸಡಿಲಾದರೆ ಆಗಲಿ ಅನ್ನಿಸುತ್ತಿತ್ತು, ಅಷ್ಟೇ. ಆ ನೀರನ್ನು ನಾನು ನೋಡುತ್ತಿದ್ದ ರೀತಿಯನ್ನು ಮಾಮ ಗಮನಿಸಿರಬೇಕು. ಅಥವಾ ಗಮನಿಸಿರಲಿಲ್ಲವೇನೋ.

ಹೇಗೂ ಇರಲಿ, ಕಳವಾಕ್ಕೆ ಮೊದಲಿನ ಮುಂಬ್ರಾ ಕಳೆಯುತ್ತಿದ್ದಂತೆ ಕರೆ ಶುರುವಾಗುತ್ತಿತ್ತು. "ಓ ಧಾರವಾಡ! ಒಳಗೆ ಬಾ ಮಾರಾಯ. ಚೀಲ ಇಳಿಸು, ಭುಜ ಹಿಡಿದಿದೆ."

ಒಮ್ಮೆ ಪಕ್ಕದವನು ತಾನೇ ಇಳಿಸಿಕೊಡಲು ಕೈಚಾಚಿದ: "ಮೈ ದೇತಾ ಹೂಂ ನಾ, ಮಾಮ."

"ನಹೀ ನಹೀ, ಅಂದರ್ ದಹೀ ಹೈ. ವೋ ಹೀ ಸಂಭಾಲ್ ಕೆ ಉತಾರ್ತಾ ಹೈ." ಒಳಗೆ ಮೊಸರಿದೆ, ಜೋಪಾನವಾಗಿ ಇಳಿಸುವವನು ಇವನೊಬ್ಬನೇ ಎಂಬುದು ಮಾಮನ ಉತ್ತರ.

ಹೀಗೆ ದಿನವೂ ಗುಂಪನ್ನು ಸೀಳಿಕೊಂಡು ಒಳಗೆ ಬರುತ್ತಿದ್ದೆ. ಕೆಳಗೆ ಖಾಡಿ ಹಾಯುವಾಗ ನನ್ನ ಎರಡೂ ಕೈ ಸಾಮಾನಿಡುವ ಮೇಲಿನ ಹಲಗೆಯಲ್ಲಿ, ಮಾಮನ ಚೀಲದ ಮೇಲೆ. ಚೀಲ ತೆಗೆದುಕೊಳ್ಳುತ್ತ ಅವರು ಏನಾದರೊಂದು ಹೇಳುತ್ತಿದ್ದರು. "ಇವತ್ತು ಅಂಗಿಗೆ ಇಸ್ತ್ರಿ ಉಂಟಲ್ಲ!" ಇನ್ನೊಂದು ದಿನ, "ಗಡ್ಡ ಎಲ್ಲಿ ಹೋಯ್ತು?" ತಮಾಷೆ ಎಂದುಕೊಂಡಿದ್ದೆ.

ಮೂವರ ಬೆಂಚಿನ ತುದಿಯಲ್ಲಿ ಅರ್ಧ ಕೂರುವ ನಾಲ್ಕನೆಯವನ ಹಕ್ಕು ನಮ್ಮ ಗಾಡಿಯ ಅಲಿಖಿತ ಕಾನೂನು. ಒಂದು ಬೆಳಿಗ್ಗೆ, ಏಕೋ, ನನಗೆ ಕೂರಬೇಕೆನ್ನಿಸಿತು. ಮಾಮನ ಎದುರಿನ ಬೆಂಚಿನ ತುದಿಯವನು ಕದಲಲಿಲ್ಲ.

"ಸರಕಾ ನಾ ಭಾವು, ಚೌಥೀ ಸೀಟ್ ಆಹೇ!" ನಾಲ್ಕನೆಯವನಿಗೆ ಸರಿ ಎಂದು ಮರಾಠಿಯಲ್ಲಿ ಹೇಳಿದೆ.

"ಜಾಗಾ ಕುಠೇ ಆಹೇ?" ಜಾಗ ಎಲ್ಲಿದೆ ಎಂದು ಅವನು.

"ಮೊಬೈಲ್ ಇಡಾಕ ಜಾಗಾ ಐತಿ, ಮನಷ್ಯಾಗ ಇಲ್ಲೇನು?" ಸಿಟ್ಟಿನಲ್ಲಿ ನನ್ನ ಬಾಯಿಂದ ಧಾರವಾಡವೇ ಹೊರಬಂತು. ಅವನಿಗೆ ಒಂದಕ್ಷರ ತಿಳಿಯಲಿಲ್ಲ, ಆದರೂ ಸರಿದ. ಜಗಳ ಮಾತ್ರ ಮುಂದುವರಿಯಿತು. ಕಳವಾ ಬಂದದ್ದು, ಹೋದದ್ದು ನನಗೆ ಗೊತ್ತಾಗಲಿಲ್ಲ.

ತಲೆ ಎತ್ತಿದಾಗ ಗಾಡಿ ಸೇತುವೆಯ ಮೇಲಿತ್ತು. ಮಾಮ ಎದ್ದು ನಿಂತು, ಎರಡೂ ಕೈ ಚಾಚಿ, ಚೀಲವನ್ನು ತಾವೇ ಇಳಿಸಿಕೊಂಡರು.

"ಮಾಮ, ಭುಜ?"

"ಇವತ್ತು ಗುಣ ಆಯ್ತು ಮಾರಾಯ," ಎಂದು ನಗುತ್ತ ಠಾಣೆಯಲ್ಲಿ ಇಳಿದು ಹೋದರು. ಮತ್ತೆಂದೂ ಕರೆಯಲಿಲ್ಲ.

ಕಳೆದ ಮಳೆಗಾಲದಲ್ಲಿ ಅವರು ಹೃದಯಾಘಾತದಿಂದ ತೀರಿಕೊಂಡರು. ಮನೆಯವರನ್ನು ಮಾತಾಡಿಸಲು ಹೋದಾಗ, ಸಂಶಯ ತಡೆಯದೆ, ಅವರ ಹೆಂಡತಿಯನ್ನು ಭುಜನೋವಿನ ಬಗ್ಗೆ ಕೇಳಿಯೇಬಿಟ್ಟೆ.

"ಇದ್ದಿರಬಹುದು," ಎಂದರು ಆಕೆ. "ತನ್ನ ನೋವು ಅವರು ಯಾರ ಹತ್ರವೂ ಹೇಳಿದವರಲ್ಲ."

ನನಗಂತೂ ದಿನವೂ ಹೇಳಿದ್ದರು.

ಈಗ ಕೂತೇ ಹೋಗುತ್ತೇನೆ. ಮನೆಯಲ್ಲಿ ಇಂದಿಗೂ ಒಬ್ಬನೇ. ಖಾಡಿ ಬಂದಾಗ ಒಮ್ಮೊಮ್ಮೆ ಎದ್ದು ನಿಂತುಬಿಡುತ್ತೇನೆ, ಕೈಗಳು ತಾವಾಗಿ ಮೇಲಕ್ಕೆ ಹೋಗುತ್ತವೆ. ಹಲಗೆಯ ಮೇಲೆ ಯಾರ್ಯಾರದೋ ಚೀಲಗಳು. ಇಳಿಸು ಎನ್ನುವವರು ಯಾರೂ ಇಲ್ಲ.