ಥರ್ಜಾ ಕೊಡದ ಗುಂಡುಸೂಜಿ

ಥರ್ಜಾ ಮಡ್ಜ್ ನಮ್ಮ ಎಲ್ಡರ್‌ಕಮ್ ಊರಿಗೆಲ್ಲ ಬಟ್ಟೆ ಹೊಲಿಯುತ್ತಿದ್ದವಳು. ರವಿಕೆಯ ಎದೆಗೆ ಯಾವಾಗಲೂ ಎರಡು ಸಾಲು ಗುಂಡುಸೂಜಿ. ಅವಳ ಬಾಯಿ ಅದಕ್ಕಿಂತ ಚೂಪು ಎನ್ನುವವರಿದ್ದರು. ಅನ್ನಲಿ. ಬಾಯಿ ಮೆತ್ತಗಿದ್ದ ನಾವೆಲ್ಲ ಸೇರಿ ನಮ್ಮ ಕಾಲುದಾರಿಯನ್ನು ಕಳೆದುಕೊಂಡು ಕೂತಿದ್ದೆವು.

ಕೆಳಕೇರಿಯ ಹನ್ನೊಂದು ಮನೆಗಳಿಂದ ಚರ್ಚಿಗೂ ಅಂಗಡಿಗೂ ಹೋಗಲು ದೊಡ್ಡಮನೆಯ ಹುಲ್ಲುಗಾವಲಿನ ನಡುವೆ ಆ ದಾರಿ. ರಸ್ತೆ ಹಿಡಿದರೆ ಎರಡು ಮೈಲಿ ಸುತ್ತು. ೧೯೨೯ರಲ್ಲಿ ದೊಡ್ಡಮನೆ ಕೊಂಡ ಹೊಸ ಯಜಮಾನ, ತನ್ನ ಕುದುರೆಗಳು ಬೆದರುತ್ತವೆಂದು ಅಲ್ಲಿ ಗೇಟು ನಿಲ್ಲಿಸಿ ಬೀಗ ಜಡಿಸಿದ. ನಾವು ಪಬ್ಬಿನಲ್ಲಿ ಕೂತು ಅವನಿಗೆ ಹಿಡಿಶಾಪ ಹಾಕಿದೆವು. ಅದಕ್ಕಿಂತ ಹೆಚ್ಚೇನೂ ಮಾಡಲಿಲ್ಲ.

ಮೂರು ವಾರಕ್ಕೆ ಥರ್ಜಾಳ ಗಂಡ ಏಬಲ್ ತೀರಿಕೊಂಡ. ಹೆಣ ಹೊತ್ತು ದಾಟಿದ ನೆಲ ಎಂದೆಂದಿಗೂ ಊರವರ ದಾರಿ ಎಂದು ನಮ್ಮ ಕಡೆ ಗಟ್ಟಿ ನಂಬಿಕೆ. ಅದಕ್ಕೇ ಜಮೀನಿನವರು ಹೆಣ ಬಂದರೆ ಸತ್ತವರ ಮನೆಯವರ ಕೈಯಿಂದ ಗೇಟಿಗೆ ಒಂದು ಗುಂಡುಸೂಜಿ ಚುಚ್ಚಿಸಿಕೊಳ್ಳುತ್ತಿದ್ದರು. ಚುಚ್ಚಿದರೆ ಅಪ್ಪಣೆ ಪಡೆದಂತೆ. ಆಮೇಲೆ ಹಕ್ಕಿನ ಮಾತೇ ಇಲ್ಲ.

ನಾವು ಆರು ಜನ ಹೊತ್ತಿದ್ದೆವು. ಗೇಟಿನ ಬಳಿ ಯಜಮಾನನ ಕಾರಭಾರಿ ಸ್ಟ್ರೌಡ್ ಟೋಪಿ ತೆಗೆದು ನಿಂತಿದ್ದ.

"ನಾವೇನು ಕಲ್ಲೆದೆಯವರಲ್ಲ, ಮಿಸೆಸ್ ಮಡ್ಜ್. ಒಂದು ಸೂಜಿ ಚುಚ್ಚಿ, ಬೀಗ ತೆಗೀತೀನಿ. ನಿಮ್ಮ ಹತ್ರ ಬೇಕಾದಷ್ಟಿವೆಯಲ್ಲ."

"ನಲವತ್ತಿವೆ. ನಿಮಗೆ ಒಂದೂ ಇಲ್ಲ."

ನಾನೇ ಬಾಯಿಬಿಟ್ಟೆ: "ಥರ್ಜಾ, ಭುಜ ಬಿದ್ದುಹೋಗ್ತಿದೆ. ಚುಚ್ಚಿ ಮುಗಿಸೇ."

"ಭುಜ ನೋವಾದ್ರೆ ಇಳಿಸು, ಸೈಲಸ್. ಏಬಲ್‌ಗೆ ಇವತ್ತೇನೂ ಅವಸರ ಇಲ್ಲ."

ಪೆಟ್ಟಿಗೆಯನ್ನು ಒದ್ದೆ ಹುಲ್ಲಿನ ಮೇಲೆ ಇಳಿಸಿದೆವು. ಅವಳು ಪಕ್ಕದಲ್ಲಿ ಕೂತಳು. ಅತ್ತ ಚರ್ಚಿನ ಗಂಟೆ ಮೊಳಗುತ್ತಲೇ ಇತ್ತು. ಮಧ್ಯಾಹ್ನಕ್ಕೆ ಕೇರಿಯ ಹೆಂಗಸರು, ಹೂಳಿದ ಮೇಲೆ ತಿನ್ನಬೇಕಾದ ಹಂದಿಮಾಂಸವನ್ನೂ ಚಹಾವನ್ನೂ ಅಲ್ಲಿಗೇ ತಂದರು. ಸ್ಟ್ರೌಡ್‌ಗೂ ಒಂದು ತಟ್ಟೆ ಹೋಯಿತು, ಅವನು ತಿಂದ. ಥರ್ಜಾ ಮುಟ್ಟಲಿಲ್ಲ. ಅವಳ ಅಂಗೈ ಪೆಟ್ಟಿಗೆಯ ಮೇಲೇ ಇತ್ತು. ಕಟ್ಟಿಕೊಂಡವನನ್ನು ಹೀಗೆ ಬಯಲಲ್ಲಿ ಕಾಯಿಸುವ ಸಂಕಟ ಅವಳಿಗೆ ಇರಲಿಲ್ಲವೆ? ನನಗೆ ನಾಚಿಕೆಯಾಯಿತು.

ನಾಲ್ಕು ಗಂಟೆಗೆ ಸ್ಟ್ರೌಡ್ ತನ್ನದೇ ಕೋಟಿನಿಂದ ಒಂದು ಸೂಜಿ ಕಿತ್ತು ಗೇಟಿಗೆ ಚುಚ್ಚಿದ. "ನಿಮ್ಮ ಪರವಾಗಿ ನಾನೇ ಹಾಕಿದೀನಿ. ನಡೀರಿ."

ಥರ್ಜಾ ಎದ್ದು ಅದನ್ನು ಕಿತ್ತು ಅವನ ಕೋಟಿಗೇ ಚುಚ್ಚಿದಳು. "ನನ್ನ ಪರವಾಗಿ ನಾನಿದೀನಿ."

ಹೆಣವನ್ನು ರಾತ್ರಿಯೆಲ್ಲ ಬಯಲಲ್ಲಿ ಇಡಿಸುವ ಧೈರ್ಯ ಅವನಿಗಿರಲಿಲ್ಲ, ಬೀಗ ತೆಗೆದ. ಕತ್ತಲಾಗುವ ಮುಂಚೆ ಏಬಲ್ ಮಣ್ಣು ಸೇರಿದ.

ಮರುವಾರ ಯಜಮಾನನ ವಕೀಲರ ಕಾಗದ ಬಂತು. ಹೆಣ ಹೋದ ಮಾತ್ರಕ್ಕೆ ದಾರಿಯಾಗುವುದಿಲ್ಲ, ಕಾನೂನಿನಲ್ಲಿ ಅಂಥ ಮಾತೇ ಇಲ್ಲ! ಗೇಟಿಗೆ ಮತ್ತೆ ಬೀಗ ಬಿತ್ತು. ತಲೆತಲಾಂತರದಿಂದ ನಂಬಿಕೊಂಡು ಬಂದ ನಾವು ಪೆಚ್ಚಾದೆವು.

"ಹೆಣ ಹೋದ್ರೆ ಆಗಲ್ವಂತೆ. ಸರಿ, ಜೀವ ಇರೋರು ಹೋಗೋಣ," ಎಂದಳು ಥರ್ಜಾ. ಮರುದಿನ ಬೆಳಿಗ್ಗೆ ಐವತ್ತೆರಡರ ಆ ಹೆಂಗಸು ಲಂಗ ಎತ್ತಿ ಕಟ್ಟಿ ಗೇಟು ಹತ್ತಿ ಇಳಿದಳು. ಅದರ ಮರುದಿನವೂ. ಮೂರನೆಯ ದಿನ ನಾನು ಹಿಂದೆ ಹೋದೆ, ಆ ವಾರವೇ ಹನ್ನೊಂದೂ ಮನೆಯವರು. ತಿಂಗಳೊಳಗೆ ಸ್ಟ್ರೌಡ್ ಬೀಗ ಹಾಕುವುದನ್ನೇ ಬಿಟ್ಟ. ಥರ್ಜಾ ಮಾತ್ರ ಒಂದು ದಿನವೂ ಬಿಡಲಿಲ್ಲ. ಹಿಮ ಬಿದ್ದ ದಿನ, ಕೊಳ್ಳುವುದು ಏನೂ ಇಲ್ಲದಿದ್ದರೂ, ಅಂಗಡಿತನಕ ಹೋಗಿ ಬರುತ್ತಿದ್ದಳು.

೧೯೫೧ರಲ್ಲಿ ಊರೂರಿನ ಕಾಲುದಾರಿಗಳನ್ನು ನಕ್ಷೆಗೆ ಸೇರಿಸಲು ಜಿಲ್ಲೆಯಿಂದ ಅಧಿಕಾರಿಯೊಬ್ಬ ಬಂದ. ಇಪ್ಪತ್ತು ವರ್ಷ ಯಾರ ಅಪ್ಪಣೆಯೂ ಇಲ್ಲದೆ ಜನ ಓಡಾಡಿದ್ದರೆ ಆ ದಾರಿ ಊರವರದು ಎಂದು ಈಗ ಕಾನೂನೇ ಇತ್ತು. ಶಾಲೆಯ ಕೋಣೆಯಲ್ಲಿ ಎಪ್ಪತ್ನಾಲ್ಕರ ಥರ್ಜಾಳನ್ನು ಕೇಳಿದ: "ಯಜಮಾನರ ಅಪ್ಪಣೆ ಯಾವತ್ತಾದ್ರೂ ತಗೊಂಡಿದ್ರಾ?"

"ಗಂಡನ ಹೆಣ ಮುಂದಿಟ್ಕೊಂಡು ಕೂತಾಗಲೇ ತಗೊಳ್ಳಲಿಲ್ಲ. ಆಮೇಲೆ ತಗೋತೀನಾ?"

ಅವನು ತಲೆಯಾಡಿಸಿ ನಕ್ಷೆಯ ಮೇಲೆ ಗೆರೆ ಎಳೆದ. ನಾವು ಚಪ್ಪಾಳೆ ತಟ್ಟಿದೆವು. ಥರ್ಜಾ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದಳು.

"ಗೆರೆ ಸೊಟ್ಟಗಿದೆ. ನಾವು ನೇರ ಹೋಗೋದು. ಅಳಿಸಿ ಸರಿಯಾಗಿ ಎಳೀರಿ."